ಹೆಡ್‌ಲೈಟಿಗೆ ಪೊರೆ ಬಂದ ಕಥೆ

ಪುಣೆಯ ಖರಾಡಿಯಲ್ಲಿ ಐಟಿ ಪಾರ್ಕುಗಳ ಸುತ್ತ ಏಪ್ರಿಲ್ ಮಧ್ಯಾಹ್ನ ಒಂದು ಸುತ್ತು ಹಾಕಿದರೆ ಸಾಕು, ಈ ತೊಂದರೆ ಕಣ್ಣಿಗೆ ಬೀಳುತ್ತದೆ. ಒಳಗೆ ಜಾಗ ಸಿಗದ ಕಾರುಗಳು ಬೆಳಗಿನಿಂದ ಸಂಜೆವರೆಗೆ ಬಿಸಿಲಿಗೆ ಮೈಯೊಡ್ಡಿ ನಿಂತಿರುತ್ತವೆ. ಏಳೆಂಟು ವರ್ಷ ದಾಟಿದ ಕಾರುಗಳಲ್ಲಿ ಬಾಡಿಯ ಬಣ್ಣ ಇನ್ನೂ ಹೊಳೆಯುತ್ತಿದ್ದರೂ ಹೆಡ್‌ಲೈಟು ಮಾತ್ರ ಹಳದಿಗಟ್ಟಿ, ಪೊರೆ ಬಂದ ಕಣ್ಣಿನಂತೆ ಮಂಕಾಗಿರುತ್ತದೆ. ಎರಡರಲ್ಲಿ ಒಂದೇ ದೀಪ ಹೆಚ್ಚು ಮಬ್ಬಾಗಿದ್ದರೆ ಆ ಕಾರು ದಿನವೂ ಒಂದೇ ಜಾಗದಲ್ಲಿ, ಒಂದೇ ದಿಕ್ಕಿಗೆ ನಿಲ್ಲುತ್ತಿರುವ ಸಾಧ್ಯತೆ ಹೆಚ್ಚು. ಬಿಸಿಲು ಬಿದ್ದ ಬದಿ ಮೊದಲು ಕೆಡುತ್ತದೆ.

ನಮ್ಮ ಅಪ್ಪಂದಿರ ಕಾಲದ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಿಗೆ ಈ ಕಾಯಿಲೆ ಇರಲಿಲ್ಲ. ಅವುಗಳ ದುಂಡು ದೀಪದ ಮುಂದೆ ಇದ್ದದ್ದು ನಿಜವಾದ ಗಾಜು. ಕಲ್ಲು ಸಿಡಿದರೆ ಒಡೆಯುತ್ತಿತ್ತು, ಆದರೆ ಎಷ್ಟು ವರ್ಷ ಬಿಸಿಲಲ್ಲಿ ನಿಂತರೂ ಹಳದಿಯಾಗುತ್ತಿರಲಿಲ್ಲ. ಹಾಗಾದರೆ ಗಾಜನ್ನು ಬಿಟ್ಟದ್ದೇಕೆ?

ಒಂದೇ ವರ್ಷ, ಎರಡು ಪ್ರಯೋಗಾಲಯ

1953ರಲ್ಲಿ ಜರ್ಮನಿಯ ಬೇಯರ್ ಕಂಪನಿಯ ಹರ್ಮನ್ ಷ್ನೆಲ್ ಮತ್ತು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನ ಡೇನಿಯಲ್ ಫಾಕ್ಸ್ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಒಂದೇ ವಸ್ತುವನ್ನು ತಯಾರಿಸಿದರು. ಅದು ಪಾಲಿಕಾರ್ಬೊನೇಟ್. ಗಾಜಿನಷ್ಟೇ ಪಾರದರ್ಶಕ, ತೂಕ ಗಾಜಿನ ಅರ್ಧಕ್ಕಿಂತ ಕಡಿಮೆ, ಸುತ್ತಿಗೆಯ ಏಟಿಗೂ ಸುಲಭವಾಗಿ ಒಡೆಯದ ಪ್ಲಾಸ್ಟಿಕ್. ಚಂದ್ರನ ಮೇಲೆ ಕಾಲಿಟ್ಟ ಅಪೊಲೊ ಯಾತ್ರಿಗಳ ಗುಮ್ಮಟದಂಥ ಶಿರಸ್ತ್ರಾಣವೂ ಇದರದ್ದೇ.

ಆದರೂ ಕಾರಿನ ದೀಪಕ್ಕೆ ಅದು ಬರಲು ಮೂವತ್ತು ವರ್ಷ ಹಿಡಿಯಿತು. ಅಮೆರಿಕದಲ್ಲಿ 1940ರ ಮಾದರಿಗಳಿಂದ ಗಾಜಿನ ಸೀಲ್ಡ್ ಬೀಮ್ ದೀಪವೇ ಕಡ್ಡಾಯವಾಗಿತ್ತು. ಬಲ್ಬು, ಪ್ರತಿಫಲಕ, ಗಾಜು ಎಲ್ಲ ಒಂದೇ ಗಂಟು. ಬಲ್ಬು ಹೋದರೆ ಇಡೀ ದೀಪವನ್ನೇ ಬದಲಿಸಬೇಕು. 1970ರ ದಶಕದ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲ್ ಉಳಿತಾಯವೇ ದೊಡ್ಡ ಚಿಂತೆಯಾಯಿತು. ಗಾಳಿಯನ್ನು ಸೀಳಿಕೊಂಡು ಹೋಗುವಂತೆ ಕಾರಿನ ಮೂತಿಯನ್ನು ಇಳಿಜಾರಾಗಿಸಬೇಕಿತ್ತು, ಚಪ್ಪಟೆ ಗಾಜಿನ ದೀಪ ಅದಕ್ಕೆ ಅಡ್ಡ ಬರುತ್ತಿತ್ತು. ಫೋರ್ಡ್ ಕಂಪನಿಯ ಕೋರಿಕೆಯ ಮೇರೆಗೆ 1983ರಲ್ಲಿ ಅಮೆರಿಕ ನಿಯಮ ಸಡಿಲಿಸಿತು. 1984ರ ಲಿಂಕನ್ ಮಾರ್ಕ್ 7 ಬಾಡಿಯ ಆಕಾರಕ್ಕೆ ಹೊಂದುವ ಪ್ಲಾಸ್ಟಿಕ್ ದೀಪ ಹೊತ್ತು ಅಲ್ಲಿನ ರಸ್ತೆಗಿಳಿಯಿತು. 1990ರ ದಶಕದಲ್ಲಿ ಯುರೋಪೂ ಅದೇ ದಾರಿ ಹಿಡಿಯಿತು. ಕ್ರಮೇಣ ನಮ್ಮ ಕಾರುಗಳಿಗೂ ಅದೇ ದೀಪ ಬಂತು.

ಹಳೆಯ ದೀಪದಲ್ಲಿ ಬೆಳಕನ್ನು ರಸ್ತೆಗೆ ಹರಡುತ್ತಿದ್ದುದು ಗಾಜಿನ ಮೇಲಿನ ಗೀರುಗೀರು ವಿನ್ಯಾಸ. ಪ್ರತಿಫಲಕದ ಆಕಾರವನ್ನೇ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ರೂಪಿಸಲು ಸಾಧ್ಯವಾದ ಮೇಲೆ ಆ ಕೆಲಸ ಅದರ ಪಾಲಾಯಿತು. ಮುಂದಿನ ಲೆನ್ಸು ಬರಿಯ ಕಿಟಕಿಯಾಗಿ ಉಳಿಯಿತು. ಈಗ ಅದರ ಒಂದೇ ಕರ್ತವ್ಯ ಪಾರದರ್ಶಕವಾಗಿರುವುದು. ಮಬ್ಬಾದಾಗ ಅದೇ ತಪ್ಪುತ್ತದೆ.

ಬಿಸಿಲು ಮಾಡುವ ಕೆಲಸ

ಪಾಲಿಕಾರ್ಬೊನೇಟ್‌ಗೆ ಎರಡು ದೌರ್ಬಲ್ಯಗಳಿವೆ. ಸುಲಭವಾಗಿ ಗೀರು ಬೀಳುತ್ತದೆ. ಅತಿನೇರಳೆ ಕಿರಣ ತಾಗಿದರೆ ಅದರ ಅಣುಗಳು ಮುರಿದು ಹಳದಿಯಾಗುತ್ತದೆ. ಅದಕ್ಕೇ ಕಾರ್ಖಾನೆಯಲ್ಲಿ ಲೆನ್ಸಿನ ಮೇಲೆ ತೆಳುವಾದ, ಗಟ್ಟಿಯಾದ ರಕ್ಷಾಲೇಪನ ಹಾಕಿರುತ್ತಾರೆ. ವರ್ಷಗಟ್ಟಲೆ ಬಿಸಿಲು, ಹೆದ್ದಾರಿಯ ಮರಳು, ಕಟ್ಟಡ ಕಾಮಗಾರಿಯ ಧೂಳು, ಒಣಬಟ್ಟೆಯ ಉಜ್ಜಾಟ ಸೇರಿ ಆ ಲೇಪನ ಮೊದಲು ಸೂಕ್ಷ್ಮವಾಗಿ ಬಿರುಕು ಬಿಡುತ್ತದೆ, ಆಮೇಲೆ ಚಕ್ಕೆಚಕ್ಕೆಯಾಗಿ ಏಳುತ್ತದೆ. ಖರಾಡಿಯಂತೆ ಬಿಸಿಲೂ ಕಾಮಗಾರಿಯೂ ಒಟ್ಟಿಗಿರುವ ಕಡೆ ಇದಕ್ಕೆ ಹೆಚ್ಚು ಕಾಲ ಬೇಡ.

ಇದರ ಪರಿಣಾಮ ಅಂದಗೇಡಿಗಷ್ಟೇ ನಿಲ್ಲುವುದಿಲ್ಲ. ತೀರಾ ಕೆಟ್ಟ ಲೆನ್ಸು ಹೊಸದರ ಐದನೇ ಒಂದು ಭಾಗದಷ್ಟು ಬೆಳಕನ್ನು ಮಾತ್ರ ಕೊಡುತ್ತದೆ ಎಂದು ಅಮೆರಿಕನ್ ಆಟೊಮೊಬೈಲ್ ಅಸೋಸಿಯೇಷನ್ 2018ರಲ್ಲಿ ಪರೀಕ್ಷಿಸಿ ಹೇಳಿತು. ಮಬ್ಬು ಲೆನ್ಸಿನಲ್ಲಿ ಚದುರಿದ ಬೆಳಕು ಎದುರಿನ ಚಾಲಕನ ಕಣ್ಣಿಗೂ ಹೊಡೆಯುತ್ತದೆ. ಶುಕ್ರವಾರ ರಾತ್ರಿ ಕೆಲಸ ಮುಗಿಸಿ ಬೆಳಗಾವಿ, ಹುಬ್ಬಳ್ಳಿಗೆ ಹೊರಟು ಖಂಬಾಟ್ಕಿ ಘಾಟಿನ ತಿರುವುಗಳನ್ನು ದಾಟುವ ಪುಣೆಯ ಕನ್ನಡಿಗರಿಗೆ ಇದರ ಅಪಾಯವನ್ನು ಬಿಡಿಸಿ ಹೇಳಬೇಕಿಲ್ಲ.

ಮನೆಯಲ್ಲೇ ಸರಿಪಡಿಸುವುದು

ಮೊದಲು ತೊಳೆದು ಒರೆಸಿದ ಲೆನ್ಸಿನ ಮೇಲೆ ಒದ್ದೆ ಬೆರಳಾಡಿಸಿ. ಒದ್ದೆಯಾದಲ್ಲಿ ತಿಳಿಯಾಗಿ ಕಂಡರೆ ಮಬ್ಬು ಹೊರಮೈಯಲ್ಲಿದೆ, ಸರಿಹೋಗುತ್ತದೆ. ಒಳಗೆ ಹನಿ ಕಟ್ಟಿದ್ದರೆ ಸೀಲು ಹೋಗಿದೆ. ಹೊರಗೆ ಎಷ್ಟು ಉಜ್ಜಿದರೂ ವ್ಯರ್ಥ.

ಸುತ್ತಲಿನ ಪೇಂಟಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಪೇಂಟಿನ ಅಂಗಡಿಯ ವಾಟರ್ ಪೇಪರನ್ನು ಸೋಪಿನ ನೀರಲ್ಲಿ ಅದ್ದಿ ಉಜ್ಜಬೇಕು. 800 ನಂಬರಿನ ಪೇಪರಿನಲ್ಲಿ ಶುರು ಮಾಡಿದರೆ ಹಳದಿ ಬೆರೆತ ಹಾಲಿನಂಥ ನೀರು ಇಳಿಯುತ್ತದೆ. ಅದು ಕಳಚಿ ಬರುತ್ತಿರುವ ಹಳೆಯ ಲೇಪನ. ಈ ಹಂತದಲ್ಲಿ ಲೆನ್ಸು ಮೊದಲಿಗಿಂತ ಬೆಳ್ಳಗಾಗಿ ಹಲವರು ಗಾಬರಿಯಾಗುತ್ತಾರೆ. ಗಾಬರಿ ಬೇಡ. ಬಿಳುಪು ಎಲ್ಲ ಕಡೆ ಒಂದೇ ಸಮ ಬರುವವರೆಗೆ, ಉಗುರಿಗೆ ಹಳೆಯ ಲೇಪನದ ಅಂಚು ತಾಗದಾಗುವವರೆಗೆ ಮುಂದಕ್ಕೆ ಹೋಗಬಾರದು. ಆಮೇಲೆ 1000, 1500, 2000, 3000. ಒಂದು ನಂಬರಿನಲ್ಲಿ ಅಡ್ಡಡ್ಡ ಉಜ್ಜಿದರೆ ಮುಂದಿನದರಲ್ಲಿ ಉದ್ದುದ್ದ. ಆಗ ಹಿಂದಿನ ಗೀರು ಉಳಿದಿದೆಯೇ ಎಂಬುದು ಕಾಣುತ್ತದೆ. ಕೊನೆಗೆ ಪಾಲಿಶಿಂಗ್ ಕಾಂಪೌಂಡ್ ಹಚ್ಚಿ ಮೆತ್ತನೆ ಬಟ್ಟೆಯಿಂದ ತಿಕ್ಕಿದರೆ ಲೆನ್ಸು ತಿಳಿಯಾಗುತ್ತದೆ.

ಬಹುತೇಕರು ಕೈಬಿಡುವುದು ಇಲ್ಲೇ. ಆದರೆ ಆಗಿರುವುದು ಅರ್ಧ ಕೆಲಸ. ಮಬ್ಬಿನ ಜೊತೆ ರಕ್ಷಾಲೇಪನವೂ ಹೋಗಿ ಪ್ಲಾಸ್ಟಿಕ್ ಬತ್ತಲಾಗಿದೆ. ಹಾಗೇ ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ. ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಅತಿನೇರಳೆ ಕಿರಣ ತಡೆಯುವ ಕ್ಲಿಯರ್ ಕೋಟನ್ನು ನೆರಳಿನಲ್ಲಿ, ಧೂಳಿಲ್ಲದ ಕಡೆ ತೆಳುವಾಗಿ ಎರಡು ಸಲ ಹೊಡೆಯಬೇಕು. ಹಾರ್ಡ್‌ನರ್ ಬೆರೆಸುವ 2ಕೆ ಕ್ಲಿಯರ್ ಹೆಚ್ಚು ಬಾಳಿಕೆ ಬರುತ್ತದೆ. ಆದರೆ ಅದರ ಐಸೊಸೈನೇಟ್ ಆವಿ ಶ್ವಾಸಕೋಶಕ್ಕೆ ವಿಷ. ಧೂಳಿನ ಮಾಸ್ಕು ಅದನ್ನು ತಡೆಯುವುದಿಲ್ಲ. ಅದನ್ನು ಪೇಂಟಿಂಗ್ ಗ್ಯಾರೇಜಿನವರಿಗೆ ಬಿಡುವುದೇ ಜಾಣತನ.

ಮನೆಮದ್ದೆಂದು ಹೇಳುವ ಟೂತ್‌ಪೇಸ್ಟ್ ಕೂಡ ಸಣ್ಣಗೆ ತಿಕ್ಕುವ ಪುಡಿಯೇ. ಹೊಳಪು ಬರುತ್ತದೆ, ರಕ್ಷಣೆ ಬರುವುದಿಲ್ಲ. ಸೊಳ್ಳೆ ನಿವಾರಕದ ಡೀಟ್ ಪ್ಲಾಸ್ಟಿಕ್ಕನ್ನೇ ಕರಗಿಸಿ ಕ್ಷಣಕಾಲ ಮಿನುಗಿಸುತ್ತದೆ. ಥಿನ್ನರ್ ಹಚ್ಚಿದರೆ ಲೆನ್ಸು ಬಿರುಕು ಬಿಡುತ್ತದೆ.

ನೋಡುವವರು ಯಾರು?

ಇದೇ ಪುಣೆಯ ವೇತಾಳ ಗುಡ್ಡದ ಮೇಲೆ 1966ರಲ್ಲಿ ಸ್ಥಾಪನೆಯಾದ ಆಟೊಮೋಟಿವ್ ರಿಸರ್ಚ್ ಅಸೋಸಿಯೇಷನ್ ಆಫ್ ಇಂಡಿಯಾ ಇದೆ. ಹೊಸ ವಾಹನಗಳನ್ನೂ ಅವುಗಳ ಭಾಗಗಳನ್ನೂ ಪರೀಕ್ಷಿಸಿ ಪ್ರಮಾಣೀಕರಿಸುವ ಸಂಸ್ಥೆಗಳಲ್ಲಿ ಅದೂ ಒಂದು. ಆದರೆ ಆ ಪರೀಕ್ಷೆ ಹೊಸ ದೀಪಕ್ಕೆ. ಖಾಸಗಿ ಕಾರು ತಪಾಸಣೆಗೆ, ಮರುನೋಂದಣಿಗೆ ಹೋಗುವುದು ಹದಿನೈದು ವರ್ಷದ ಮೇಲೆ. ಲೆನ್ಸು ಕೆಡುವುದು ಅದರ ಅರ್ಧ ಹಾದಿಯಲ್ಲಿ. ಆ ನಡುವಿನ ವರ್ಷಗಳಲ್ಲಿ ಇನ್ಶೂರೆನ್ಸ್, ಹೊಗೆ ತಪಾಸಣೆಯ ಪತ್ರ ಕೇಳುವವರಿದ್ದಾರೆ. ದೀಪ ಎಷ್ಟು ಬೆಳಕು ಕೊಡುತ್ತಿದೆ ಎಂದು ಅಳೆಯುವವರಿಲ್ಲ. ವರ್ಷಕ್ಕೊಮ್ಮೆ ಹೊಗೆ ಅಳೆಯುವ ಕೇಂದ್ರದಲ್ಲೇ ಇದನ್ನೂ ನೋಡುವ ಏರ್ಪಾಡು ಬರಬೇಕು. ಅಲ್ಲಿಯವರೆಗೆ ಈ ತಪಾಸಣೆ ಕಾರಿನ ಮಾಲೀಕರದ್ದೇ. ಮನೆಯಲ್ಲಿ ಉಜ್ಜಿದ ದೀಪ ಪೂರ್ತಿ ಹೊಸದಾಗುವುದಿಲ್ಲ. ಅದೇ ಅಮೆರಿಕನ್ ಪರೀಕ್ಷೆಯಲ್ಲಿ ಹೊಸದರ ಸುಮಾರು 70 ಪ್ರತಿಶತ ಬೆಳಕು ಮರಳಿತ್ತು. ಐದನೇ ಒಂದಕ್ಕೆ ಇಳಿದಿದ್ದ ದೀಪಕ್ಕೆ ಅದು ದೊಡ್ಡ ಚೇತರಿಕೆ. ರಸ್ತೆ ಬದಿಯಲ್ಲಿ ನಡೆಯುವವನು ಚಾಲಕನಿಗೆ ಮೊದಲೇ ಕಾಣಲು ಅಷ್ಟು ಬೆಳಕು ಬೇಕೇ ಬೇಕು, ಅದಕ್ಕಾಗಿ ಒಂದು ಭಾನುವಾರದ ಬೆಳಗು ಕೊಡುವುದು ಹೆಚ್ಚೇನಲ್ಲ.