ಸರ್ಕಾರಿ ಆಸ್ಪತ್ರೆ ‘ಫ್ರೀ’ ಅಂತಾರೆ. ಹಾಗಾದ್ರೆ ಬಿಲ್ ಕಟ್ಟೋದು ಯಾರು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಸುಲಭವಾಗಲೆಂದು ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಇವತ್ತು ಒಂದೇ ಪ್ರಶ್ನೆ: ಸರ್ಕಾರಿ ಆಸ್ಪತ್ರೆಯ ಖರ್ಚನ್ನ ಯಾರು ಕೊಡಬೇಕು?

2024ರ ನವೆಂಬರ್‌ನಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಹೊರರೋಗಿಗಳ ಚೀಟಿ ದರ 10 ರೂಪಾಯಿಯಿಂದ 20ಕ್ಕೆ ಏರಿತು. ಇಂಥ ಸುದ್ದಿ ಬಂದಾಗಲೆಲ್ಲ ಎರಡು ಮಾತು ಕೇಳಿಬರುತ್ತೆ. ಒಂದು, ಟೀ ಕುಡಿಯೋಕೆ 20 ರೂಪಾಯಿ ಕೊಡ್ತೀವಿ, ಡಾಕ್ಟರಿಗೆ ಕೊಡೋಕಾಗಲ್ವಾ? ಇನ್ನೊಂದು, ಬಡವರ ಹತ್ತಿರ ಒಂದು ರೂಪಾಯಿನೂ ಕೇಳಬಾರದು. ನಾನು ಓದಿದ್ದು ಬಿಕಾಂ. ಹಾಗಾಗಿ ಪರ-ವಿರೋಧಕ್ಕೆ ಮುಂಚೆ ಲೆಕ್ಕ ನೋಡೋಣ.

ಮೊದಲು ಒಂದು ಸಣ್ಣ ಲೆಕ್ಕ

ಒಂದು ಊರಲ್ಲಿ 1,000 ಮನೆ ಇದೆ ಅಂದ್ಕೊಳ್ಳಿ. ವರ್ಷದಲ್ಲಿ 10 ಮನೆಗಳಲ್ಲಿ ಯಾರಿಗಾದ್ರೂ ಆಪರೇಷನ್ ಬೇಕಾಗುತ್ತೆ. ಒಂದಕ್ಕೆ 1 ಲಕ್ಷ, ಒಟ್ಟು 10 ಲಕ್ಷ. ಕಾಯಿಲೆ ಬಂದವರೇ ಕಟ್ಟಲಿ ಅಂದ್ರೆ ಆ 10 ಮನೆಯವರು ಒಡವೆ ಅಡ ಇಡಬೇಕು, ಇಲ್ಲಾ ಸಾಲ ಮಾಡಬೇಕು. ಎಲ್ಲರೂ ಮೊದಲೇ ಹಾಕಿಟ್ಟರೆ ಮನೆಗೆ ಬರೀ 1,000 ರೂಪಾಯಿ. ಖರ್ಚು ಅದೇ 10 ಲಕ್ಷ. ಬದಲಾಗಿದ್ದು ಕಟ್ಟೋ ಜನ, ಕಟ್ಟೋ ಸಮಯ.

ಈಗ ನಮ್ಮ ವಯಸ್ಸಿನವರು ಇರೋ 300 ಮನೆಯವರು, ‘ನಮಗೇನೂ ಆಗಲ್ಲ, ನಾವ್ಯಾಕೆ ಕಟ್ಟಬೇಕು’ ಅಂತ ಹೊರಗೆ ಹೋದ್ರು ಅನ್ನಿ. ಉಳಿದ 700 ಮನೆಗೆ ತಲಾ ಸುಮಾರು 1,429 ರೂಪಾಯಿ ಬೀಳುತ್ತೆ. ದುಬಾರಿ ಆಯ್ತು ಅಂತ ಇನ್ನಷ್ಟು ಜನ ಬಿಡ್ತಾರೆ. ಕೊನೆಗೆ ಉಳಿಯೋದು ಕಾಯಿಲೆಯವರು ಮಾತ್ರ, ಡಬ್ಬಿ ಖಾಲಿ. ಅದಕ್ಕೇ ಇಷ್ಟ ಇದ್ದವರು ಮಾತ್ರ ಸೇರಿ ಅನ್ನೋ ವ್ಯವಸ್ಥೆ ಒಂದೇ ಸಾಕಾಗಲ್ಲ.

ನಮ್ಮ ರಾಜ್ಯದಲ್ಲೇ ಇದರ ಒಳ್ಳೇ ಪ್ರಯತ್ನ ನಡೆದಿದೆ. 2003ರಲ್ಲಿ ಶುರುವಾದ ಯಶಸ್ವಿನಿ ಯೋಜನೆ. ಡಾ. ದೇವಿ ಶೆಟ್ಟಿ ಅದರ ಹಿಂದಿದ್ದ ಪ್ರಮುಖರು. ಸಹಕಾರ ಸಂಘದ ರೈತರು ತಿಂಗಳಿಗೆ 5 ರೂಪಾಯಿ, ಅಂದ್ರೆ ವರ್ಷಕ್ಕೆ 60 ಕಟ್ಟಿದ್ರೆ ಆಪರೇಷನ್‌ಗೆ ರಕ್ಷಣೆ. ಲಕ್ಷಾಂತರ ಜನ ಸೇರಿದ್ದರಿಂದ ಅಷ್ಟು ಕಡಿಮೆ ದರ ಸಾಧ್ಯ ಆಯ್ತು. ಹಾಗಿದ್ರೂ ಸರ್ಕಾರ ತನ್ನ ಪಾಲು ಹಾಕಬೇಕಾಯ್ತು.

ದುಡ್ಡು ಬರೋದು ಮೂರೇ ದಾರಿಯಿಂದ

ಮೊದಲನೇದು ಜೇಬು. ಕೌಂಟರಲ್ಲಿ, ಮೆಡಿಕಲ್ ಶಾಪಲ್ಲಿ, ಲ್ಯಾಬಲ್ಲಿ ನಾವೇ ಕೊಡೋದು. ದೇಶದ ಆರೋಗ್ಯ ಲೆಕ್ಕಪತ್ರದ ಪ್ರಕಾರ 2013-14ರಲ್ಲಿ ಒಟ್ಟು ಆರೋಗ್ಯ ಖರ್ಚಿನ 100 ರೂಪಾಯಿಯಲ್ಲಿ 64 ಜನರ ಜೇಬಿನಿಂದಲೇ ಹೋಗ್ತಿತ್ತು. 2021-22ಕ್ಕೆ ಅದು 39ಕ್ಕೆ ಇಳಿದಿದೆ. ಇಳಿದಿದ್ದು ಒಳ್ಳೇದೇ, ಆದ್ರೆ 39 ಅಂದ್ರೂ ಕಡಿಮೆ ಅಲ್ಲ.

ಎರಡನೇದು ವಂತಿಗೆ. ಇಎಸ್‌ಐ ಇದಕ್ಕೆ ಚೆನ್ನಾದ ಉದಾಹರಣೆ. ಸಂಬಳ ತಿಂಗಳಿಗೆ 20,000 ಇದ್ರೆ ನಿಮ್ಮಿಂದ ಶೇ 0.75, ಅಂದ್ರೆ 150 ರೂಪಾಯಿ. ಕಂಪನಿಯಿಂದ ಶೇ 3.25, ಅಂದ್ರೆ 650. ಇಡೀ ಕುಟುಂಬಕ್ಕೆ ಚಿಕಿತ್ಸೆ, ಮಾತ್ರೆ ಸಮೇತ. ಆದ್ರೆ ಸಂಬಳದ ಮಿತಿ 21,000. ಅದಕ್ಕಿಂತ ಜಾಸ್ತಿ ಆದ್ರೆ ಆಚೆ. ಬೀದಿ ವ್ಯಾಪಾರಿಗಳಂತೂ ಶುರುವಿನಿಂದಲೇ ಆಚೆ. ಡೆಲಿವರಿ ಹುಡುಗರಿಗೋಸ್ಕರ ಕರ್ನಾಟಕ 2025ರಲ್ಲಿ ಬೇರೆ ಕಾನೂನು ತಂತು. ಪ್ರತಿ ಆರ್ಡರಿಗೆ ಕೆಲಸಗಾರರಿಗೆ ಸಿಗೋ ಮೊತ್ತದ ಮೇಲೆ ಆ್ಯಪ್ ಕಂಪನಿಗಳು ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು. ಯಾರು ಕೊಡಬೇಕು ಅನ್ನೋ ಪ್ರಶ್ನೆಗೆ ಇದೂ ಒಂದು ಉತ್ತರ: ದುಡಿಸಿಕೊಂಡವರು ಕೊಡಲಿ.

ಮೂರನೇದು ತೆರಿಗೆ. ಜಗಳ ಜಾಸ್ತಿ ಇರೋದು ಇಲ್ಲೇ.

‘ಟ್ಯಾಕ್ಸ್ ಕಟ್ಟೋದು ನಾವು, ಫ್ರೀ ಅವರಿಗೆ’

ಇದನ್ನ ನನ್ನ ಫ್ರೆಂಡ್ಸ್ ಗ್ರೂಪಲ್ಲೇ ಕೇಳಿದ್ದೀನಿ. ಸಂಬಳದಿಂದ ಟ್ಯಾಕ್ಸ್ ಕಟ್ಟಾದಾಗ ಹೊಟ್ಟೆ ಉರಿಯೋದು ಸಹಜ. ಆದ್ರೆ ಟ್ಯಾಕ್ಸ್ ಅಂದ್ರೆ ಬರೀ ಆದಾಯ ತೆರಿಗೆ ಅಲ್ಲ. 299 ರೂಪಾಯಿಯ ಮೊಬೈಲ್ ರೀಚಾರ್ಜಿನಲ್ಲಿ ಶೇ 18 ಜಿಎಸ್‌ಟಿ ಸೇರಿರುತ್ತೆ, ಅಂದ್ರೆ ಹತ್ತಿರ ಹತ್ತಿರ 46 ರೂಪಾಯಿ. ಗಾರೆ ಕೆಲಸದವರು ಮಾಡಿಸಿದ್ರೂ ಅಷ್ಟೇ, ಕಂಪನಿ ಎಂಡಿ ಮಾಡಿಸಿದ್ರೂ ಅಷ್ಟೇ. ‘ಅವರು ಕಟ್ಟಲ್ಲ’ ಅನ್ನೋ ಮಾತು ಲೆಕ್ಕಕ್ಕೆ ನಿಲ್ಲಲ್ಲ.

ಇನ್ನೊಂದು ವಿಷಯ. ಆದಾಯ ತೆರಿಗೆ ಮೇಲೆ ಶೇ 4ರಷ್ಟು ‘ಆರೋಗ್ಯ ಮತ್ತು ಶಿಕ್ಷಣ ಸೆಸ್’ ಇದೆ. 10,000 ತೆರಿಗೆಗೆ 400 ರೂಪಾಯಿ. ಸಂವಿಧಾನದ ಪ್ರಕಾರ ಆಸ್ಪತ್ರೆ ರಾಜ್ಯದ ಪಟ್ಟಿಯಲ್ಲಿರೋ ವಿಷಯ. ಆದ್ರೆ ಸೆಸ್ ದುಡ್ಡು ರಾಜ್ಯಗಳಿಗೆ ಹಂಚೋ ತೆರಿಗೆ ಪಾಲಿನಲ್ಲಿ ಬರಲ್ಲ. ಅದನ್ನ ಯಾವ ಯೋಜನೆಗೆ ಎಷ್ಟು ಅಂತ ತೀರ್ಮಾನ ಮಾಡೋದು ಕೇಂದ್ರ. ಆಸ್ಪತ್ರೆ ನಡೆಸೋ ಜವಾಬ್ದಾರಿ ಒಬ್ಬರದ್ದು, ಆರೋಗ್ಯದ ಹೆಸರಲ್ಲಿ ವಸೂಲಾದ ದುಡ್ಡಿನ ಕೀಲಿಕೈ ಇನ್ನೊಬ್ಬರದ್ದು.

2017ರ ರಾಷ್ಟ್ರೀಯ ಆರೋಗ್ಯ ನೀತಿಯಲ್ಲಿ 2025ರೊಳಗೆ ಸರ್ಕಾರದ ಆರೋಗ್ಯ ಖರ್ಚು ಜಿಡಿಪಿಯ ಶೇ 2.5 ಆಗಬೇಕು ಅಂತ ಗುರಿ ಇಟ್ಟಿದ್ರು. 2021-22ರಲ್ಲಿ, ಅದೂ ಕೋವಿಡ್ ಕಾಲದಲ್ಲಿ, ಕೇಂದ್ರ-ರಾಜ್ಯ ಎರಡೂ ಸೇರಿ ಆಗಿದ್ದು ಶೇ 1.84.

ಹಾಗಾದ್ರೆ ಚೀಟಿ ದುಡ್ಡು ತಗೋಬಾರದಾ?

ತಗೋಬೇಕು ಅನ್ನೋರ ವಾದವನ್ನ ಪೂರ್ತಿ ತಳ್ಳಿಹಾಕೋಕಾಗಲ್ಲ. ಹತ್ತಿ, ಸಿರಿಂಜು, ಬಲ್ಬು, ಇಂಥದ್ದಕ್ಕೆಲ್ಲ ಮೇಲಿನಿಂದ ಅನುದಾನ ಬರೋವರೆಗೆ ಕಾಯದೆ ಆಸ್ಪತ್ರೆಗೆ ಕೈಯಲ್ಲೇ ಸ್ವಲ್ಪ ದುಡ್ಡು ಇರುತ್ತೆ. ಫ್ರೀ ಅಂದ್ರೆ ಸುಮ್ಮನೆ ಬರೋರು ಜಾಸ್ತಿ ಆಗ್ತಾರೆ ಅನ್ನೋದು ಎರಡನೇ ವಾದ.

ಎರಡನೇದಕ್ಕೆ ಉತ್ತರ ಸಿಕ್ಕಿದೆ. ಅಮೆರಿಕದಲ್ಲಿ 1970ರ ದಶಕದಲ್ಲಿ ರ‍್ಯಾಂಡ್ ಅನ್ನೋ ಸಂಸ್ಥೆ ಸಾವಿರಾರು ಜನರನ್ನ ಇಟ್ಕೊಂಡು ದೊಡ್ಡ ಪ್ರಯೋಗ ಮಾಡಿತು. ಕೈಯಿಂದ ದುಡ್ಡು ಕೊಡಬೇಕಾದವರು ಡಾಕ್ಟರ್ ಹತ್ತಿರ ಹೋಗೋದನ್ನ ಕಡಿಮೆ ಮಾಡಿದ್ರು ನಿಜ. ಆದ್ರೆ ಬೇಡದ ಚಿಕಿತ್ಸೆಯ ಜೊತೆಗೆ ಬೇಕಾದ ಚಿಕಿತ್ಸೆಯನ್ನೂ ಅಷ್ಟೇ ಬಿಟ್ಟರು. ಎದೆನೋವು ಗ್ಯಾಸ್ಟ್ರಿಕ್ಕೋ ಹಾರ್ಟೋ ಅಂತ ಮನೆಯಲ್ಲಿ ಕೂತು ನಮಗೆ ಹೇಗೆ ಗೊತ್ತಾಗಬೇಕು?

ಮೇಲಾಗಿ 20 ರೂಪಾಯಿ ಒಂಟಿಯಾಗಿ ಬರಲ್ಲ. ಊರಿಂದ ಬಸ್ ಚಾರ್ಜು, ಜೊತೆಗೆ ಬಂದವರ ಊಟ, ಇಬ್ಬರ ಒಂದು ದಿನದ ಕೂಲಿ, ಒಳಗೆ ಇಲ್ಲದ ಮಾತ್ರೆಯನ್ನ ಹೊರಗೆ ತಗೊಳ್ಳೋದು. ಇದೆಲ್ಲದರ ಮೇಲೆ ಆ 20.

ಕಾರ್ಡ್ ಇದ್ರೆ ಸಾಕಾ?

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟನ್ನ ಸರ್ಕಾರ ಕೊಡುತ್ತೆ, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಆಪರೇಷನ್ ಅಂದಾಗ ಇದು ನಿಜವಾಗಲೂ ಕೈ ಹಿಡಿಯುತ್ತೆ. ಆದ್ರೆ ಅಮ್ಮನ ಶುಗರ್ ಮಾತ್ರೆ, ಅಪ್ಪನ ಬಿಪಿ ಮಾತ್ರೆ ಪ್ರತಿ ತಿಂಗಳ ಖರ್ಚು. ಅಡ್ಮಿಟ್ ಆಗದೇ ಇರೋರಿಗೆ ಕಾರ್ಡ್ ಕೆಲಸಕ್ಕೆ ಬರಲ್ಲ. ಅವರಿಗೆ ಬೇಕಾಗಿರೋದು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸ್ಟಾಕ್ ಇರೋ ಮಾತ್ರೆ. ಅಲ್ಲಿ ಸಿಕ್ಕದಿದ್ದರೆ ಮತ್ತೆ ಜೇಬಿಗೇ ಕೈ ಹಾಕಬೇಕು. ಮಾತ್ರೆ ಬಿಟ್ಟರೆ ನಾಲ್ಕೈದು ವರ್ಷದಲ್ಲಿ ಕಿಡ್ನಿಯೋ ಹಾರ್ಟೋ ಕೈಕೊಡಬಹುದು. ಆಗ ಕಾರ್ಡ್ ಬರುತ್ತೆ, ಲಕ್ಷದ ಬಿಲ್ಲಿನ ಜೊತೆ.

ನನ್ನ ಅಭಿಪ್ರಾಯ ಇಷ್ಟು. ಡಾಕ್ಟರ್ ನೋಡೋದು, ಮಾಮೂಲಿ ಟೆಸ್ಟು, ದಿನನಿತ್ಯದ ಮಾತ್ರೆ, ಇವು ತೆರಿಗೆ ದುಡ್ಡಿನಲ್ಲೇ ಎಲ್ಲರಿಗೂ ಸಿಗಬೇಕು, ಕೌಂಟರಲ್ಲಿ ಕಾಸು ಕೇಳದೆ. ಸಂಬಳ ಇರೋರು, ಕೆಲಸ ಕೊಡೋರು ವಂತಿಗೆ ಕಟ್ಟಲಿ. ಜಾಸ್ತಿ ಸಂಪಾದಿಸೋರು ಜಾಸ್ತಿ ಕೊಡಲಿ, ಆದ್ರೆ ಆರೋಗ್ಯವಾಗಿ ದುಡಿಯೋ ದಿನಗಳಲ್ಲಿ. ಜ್ವರ ಬಂದು ಸಾಲಲ್ಲಿ ನಿಂತಿರುವಾಗ ಅಲ್ಲ.

ನೀವು ಒಪ್ಪದೇ ಇರಬಹುದು. ಚೀಟಿ ದುಡ್ಡು ಇರಲಿ ಅನ್ನೋರು ಒಂದು ವಾಯ್ಸ್ ನೋಟ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ನಿಮ್ಮ ವಾದವನ್ನೂ ಕೇಳಿಸ್ತೀನಿ. ಒಂದೇ ಷರತ್ತು: ಯಾವುದನ್ನೇ ‘ಫ್ರೀ’ ಅನ್ನೋ ಮುಂಚೆ, ಅದಕ್ಕೆ ಯಾರು, ಯಾವಾಗ ಕಟ್ಟಿದ್ರು ಅಂತಾನೂ ಹೇಳಿ.