ಡೀಸೆಲ್ ಹೊಗೆಯ ಮಾನದಂಡಗಳು: ಸಣ್ಣ ಲಾರಿ ಮಾಲೀಕರ ಮೇಲೆ ಬಿದ್ದ ಹೊರೆ

ಕೋಲಾರದಿಂದ ಟೊಮೆಟೊ, ಶಿವಮೊಗ್ಗದಿಂದ ಅಡಿಕೆ ತುಂಬಿಕೊಂಡು ದೆಹಲಿಯತ್ತ ಹೊರಡುವ ಲಾರಿಯ ಎಂಜಿನ್ ಯಾವ ದರ್ಜೆಯದೆಂದು ಹತ್ತು ವರ್ಷಗಳ ಹಿಂದೆ ಯಾವ ವರ್ತಕನೂ ವಿಚಾರಿಸುತ್ತಿರಲಿಲ್ಲ. ಈಗ ವಿಚಾರಿಸಬೇಕಾಗಿದೆ. ರಾಜಧಾನಿ ಪ್ರದೇಶದ ವಾಯು ಗುಣಮಟ್ಟ ನಿರ್ವಹಣಾ ಆಯೋಗದ ನಿರ್ದೇಶನದಂತೆ, 2025ರ ನವೆಂಬರ್ 1ರಿಂದ ದೆಹಲಿಯ ಹೊರಗೆ ನೋಂದಣಿಯಾದ ಸರಕು ವಾಹನಗಳ ಪೈಕಿ ಬಿಎಸ್-6 ಡೀಸೆಲ್, ಸಿಎನ್‌ಜಿ, ಎಲ್‌ಎನ್‌ಜಿ ಮತ್ತು ವಿದ್ಯುತ್ ವಾಹನಗಳಿಗೆ ಮಾತ್ರ ನಗರ ಪ್ರವೇಶವೆಂದು ಗೊತ್ತುಪಡಿಸಲಾಯಿತು. ಬಿಎಸ್-4 ಲಾರಿಗಳಿಗೆ ನೀಡಲಾದ ಅವಧಿ 2026ರ ಅಕ್ಟೋಬರ್ 31ರವರೆಗೆ ಮಾತ್ರ. ದೂರದ ದೆಹಲಿಯ ಗಾಳಿಯ ಪ್ರಶ್ನೆ ಹೀಗೆ ಕರ್ನಾಟಕದ ಬಾಡಿಗೆ ಲೆಕ್ಕದೊಳಕ್ಕೂ ಬಂದಿದೆ.

ನಿಯಮಗಳೇನೂ ಹಠಾತ್ತನೆ ಬಂದವುಗಳಲ್ಲ. ಮಾಶೇಲ್ಕರ್ ಸಮಿತಿಯು 2002ರಲ್ಲಿಯೇ ಇಂಧನ ಮತ್ತು ವಾಹನಗಳ ಸುಧಾರಣೆಗೆ ಮಾರ್ಗಸೂಚಿ ಹಾಕಿಕೊಟ್ಟಿತ್ತು. 2010ರಲ್ಲಿ ಬೆಂಗಳೂರು ಸೇರಿದಂತೆ 13 ನಗರಗಳಲ್ಲಿ ಬಿಎಸ್-4 ಜಾರಿಗೆ ಬಂದಿತು. ಆದರೆ ಅದು ದೇಶಕ್ಕೆಲ್ಲ ವಿಸ್ತರಿಸಲು 2017ರ ಏಪ್ರಿಲ್‌ವರೆಗೆ ಕಾಯಬೇಕಾಯಿತು. ಇದಾದ ಮೂರೇ ವರ್ಷಕ್ಕೆ, ಬಿಎಸ್-5ನ್ನು ಕೈಬಿಟ್ಟು, 2020ರ ಏಪ್ರಿಲ್ 1ರಂದು ನೇರವಾಗಿ ಬಿಎಸ್-6ಕ್ಕೆ ಜಿಗಿಯಲಾಯಿತು. 2017ರ ಮಾರ್ಚ್ 29ರಂದು ಸರ್ವೋಚ್ಚ ನ್ಯಾಯಾಲಯವು ಬಿಎಸ್-3 ವಾಹನಗಳ ಮಾರಾಟ ಹಾಗೂ ನೋಂದಣಿಯನ್ನು ತಡೆದಾಗ ತಯಾರಕರ ಬಳಿ ಸುಮಾರು 96 ಸಾವಿರ ವಾಣಿಜ್ಯ ವಾಹನಗಳು ಉಳಿದಿದ್ದವು. ಅಂದು ಪತ್ರಿಕೆಗಳಲ್ಲಿ ಚರ್ಚೆಯಾದದ್ದು ತಯಾರಕರ ನಷ್ಟ. ಒಂದು ಲಾರಿಯ ಮಾಲೀಕನ ಪಾಡು ಸುದ್ದಿಯಾಗಲಿಲ್ಲ.

ಹೊಗೆ ನಿರುಪದ್ರವಿಯೆಂದು ಯಾರೂ ವಾದಿಸಲಾರರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿ ಡೀಸೆಲ್ ಹೊಗೆಯನ್ನು ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು. ಅದನ್ನು ಎಲ್ಲರಿಗಿಂತ ಹೆಚ್ಚು ಉಸಿರಾಡುವವರಲ್ಲಿ ಚಾಲಕರೂ ಕ್ಲೀನರ್‌ಗಳೂ ಸೇರಿದ್ದಾರೆ. ಭಾರಿ ಎಂಜಿನ್‌ಗಳ ನೈಟ್ರೋಜನ್ ಆಕ್ಸೈಡ್ ಮಿತಿಯು ಕಿಲೋವಾಟ್ ಗಂಟೆಗೆ ಬಿಎಸ್-3ರಲ್ಲಿ 5 ಗ್ರಾಂ, ಬಿಎಸ್-4ರಲ್ಲಿ 3.5 ಗ್ರಾಂ ಇದ್ದುದು ಬಿಎಸ್-6ರಲ್ಲಿ 0.4 ಗ್ರಾಂಗೆ ಇಳಿದಿದೆ. ಡೀಸೆಲ್‌ನಲ್ಲಿನ ಗಂಧಕ 50 ಪಿಪಿಎಂನಿಂದ 10 ಪಿಪಿಎಂಗೆ ತಗ್ಗಿದೆ. ಸಾಧನೆ ದೊಡ್ಡದು. ಅದರ ಬೆಲೆಯನ್ನು ಯಾರು ತೆತ್ತರೆಂಬುದು ಬೇರೆ ಪ್ರಶ್ನೆ.

ಹಳೆಯ ಲಾರಿಯ ಎಂಜಿನ್ ಕೈಕೊಟ್ಟರೆ ಹೆದ್ದಾರಿಯ ಪಕ್ಕದ ಗ್ಯಾರೇಜಿನಲ್ಲಿ ಪಂಪು, ನಾಜಲ್ ಬಿಚ್ಚಿ ಸರಿಪಡಿಸಿ ಸಂಜೆಯೊಳಗೆ ಗಾಡಿ ಹೊರಡಿಸಬಹುದಿತ್ತು. ಬಿಎಸ್-6 ಲಾರಿಯಲ್ಲಿ ಆ ಸೌಕರ್ಯವಿಲ್ಲ. ಮಸಿಯನ್ನು ಹಿಡಿದಿಡುವ ಶೋಧಕ, ಹೊಗೆಗೆ ಯೂರಿಯಾ ದ್ರಾವಣ ಸಿಂಪಡಿಸಿ ನೈಟ್ರೋಜನ್ ಆಕ್ಸೈಡನ್ನು ನಿರಪಾಯಕಾರಿ ನೈಟ್ರೋಜನ್ ಮತ್ತು ನೀರಾಗಿಸುವ ವ್ಯವಸ್ಥೆ, ಇವೆರಡನ್ನೂ ಕಾಯುವ ಸೆನ್ಸರ್‌ಗಳು ಸೈಲೆನ್ಸರಿನ ಜಾಗದಲ್ಲಿ ಬಂದು ಕುಳಿತಿವೆ. ಶೋಧಕದಲ್ಲಿ ಕೂಡಿದ ಮಸಿ ಹೆಚ್ಚಿನ ಶಾಖದಲ್ಲಿ ಉರಿದುಹೋಗಬೇಕು. ಹೆದ್ದಾರಿಯಲ್ಲಿ ಎಡೆಬಿಡದೆ ಓಡುವ ಲಾರಿಗೆ ಇದು ತೊಡಕಲ್ಲ. ಆದರೆ ಕೈಗಾರಿಕಾ ಪ್ರದೇಶದೊಳಗೆ ನಿಂತು ನಿಂತು ಸಾಗುವ ಗಾಡಿಯ ಶೋಧಕ ಬೇಗ ಕಟ್ಟಿಕೊಳ್ಳುತ್ತದೆ. ಆಗ ಕಂಪ್ಯೂಟರ್ ಜೋಡಿಸಿ ನೋಡುವ ವರ್ಕ್‌ಶಾಪಿಗೇ ಒಯ್ಯಬೇಕು. ಹತ್ತು ಲಾರಿಗಳಿರುವವರು ಮತ್ತೊಂದನ್ನು ಕಳುಹಿಸಿಯಾರು. ಒಂದೇ ಲಾರಿಯುಳ್ಳವರಿಗೆ ಅಂದಿನ ಬಾಡಿಗೆಯೂ ಇಲ್ಲ, ತಿಂಗಳ ಕಂತೂ ತಪ್ಪದು.

ಯೂರಿಯಾ ದ್ರಾವಣದ ಕಥೆ ಪ್ರತ್ಯೇಕವಾಗಿ ಹೇಳತಕ್ಕದ್ದು. ಶೇಕಡಾ 32.5ರಷ್ಟು ಶುದ್ಧ ಯೂರಿಯಾ, ಉಳಿದದ್ದು ಲವಣರಹಿತ ನೀರು. ಡೀಸೆಲ್ ಬಳಕೆಯ ಶೇಕಡಾ 5ರ ಆಸುಪಾಸಿನಲ್ಲಿ ಇದು ಖರ್ಚಾಗುತ್ತದೆ. ತೊಟ್ಟಿ ಬರಿದಾದರೆ ಎಂಜಿನ್ ತನ್ನಷ್ಟಕ್ಕೆ ಶಕ್ತಿ ಕುಗ್ಗಿಸಿಕೊಳ್ಳುತ್ತದೆ. ರೈತರಿಗಾಗಿ ಸಹಾಯಧನದಲ್ಲಿ ದೊರೆಯುವ, ಬೇವು ಲೇಪಿತ ಯೂರಿಯಾವನ್ನು ಕರಗಿಸಿ ಮಾರುವ ಅಗ್ಗದ ಮಾಲನ್ನು ನಂಬಿದವರ ವೇಗವರ್ಧಕವೇ ಕೆಡುತ್ತದೆ. ಅದರ ದುರಸ್ತಿಯ ಬಿಲ್ಲಿನ ಮುಂದೆ ಉಳಿಸಿದ ಹಣ ಏನೇನೂ ಅಲ್ಲ. ಕೃಷಿ ಯೂರಿಯಾವನ್ನು ಹೀಗೆ ತಿರುಗಿಸುವುದು ಅಪರಾಧವೂ ಹೌದು. ಪೂರೈಕೆ ಎಷ್ಟು ನಾಜೂಕಿನದೆಂಬುದನ್ನು 2021 ತೋರಿಸಿಕೊಟ್ಟಿತು. ಆ ಅಕ್ಟೋಬರ್‌ನಲ್ಲಿ ಚೀನಾ ಯೂರಿಯಾ ರಫ್ತಿಗೆ ಕಡಿವಾಣ ಹಾಕಿದೊಡನೆ ದಕ್ಷಿಣ ಕೊರಿಯಾದ ಲಾರಿ ಮಾಲೀಕರು ಈ ದ್ರಾವಣಕ್ಕಾಗಿ ಸಾಲುಗಟ್ಟಿ ನಿಂತರು.

ಇನ್ನು ಬಂಡವಾಳ. ಬಿಎಸ್-6 ಬಂದೊಡನೆ ಭಾರಿ ಲಾರಿಗಳ ಬೆಲೆ ಲಕ್ಷಗಳ ಲೆಕ್ಕದಲ್ಲಿ ಏರಿತು. ಚಾಲಕನಾಗಿ ದುಡಿದು ಮಾಲೀಕನಾಗುವವನು ಸಾಮಾನ್ಯವಾಗಿ ಹೊಸ ಲಾರಿ ಕೊಳ್ಳುವುದಿಲ್ಲ. ದೊಡ್ಡ ಸಂಸ್ಥೆಯೊಂದು ಐದಾರು ವರ್ಷ ಓಡಿಸಿ ಮಾರಿದ್ದನ್ನು ಫೈನಾನ್ಸ್ ಮೇಲೆ ಕೊಳ್ಳುತ್ತಾನೆ. ದೇಶದ ಸರಕು ಸಾಗಣೆಯ ಬಹುಪಾಲು ಐದಕ್ಕಿಂತ ಕಡಿಮೆ ಲಾರಿಗಳುಳ್ಳ ಇಂಥವರ ಕೈಯಲ್ಲಿದೆ. ಯಾವ ಊರಿನಲ್ಲಿ ಯಾವ ದರ್ಜೆಯ ಗಾಡಿಗೆ ಎಂದು ಪ್ರವೇಶ ನಿಲ್ಲುವುದೋ ಎಂಬ ಅನಿಶ್ಚಿತತೆಯಿಂದ ಇವರ ಲಾರಿಯ ಮರುಮಾರಾಟದ ಬೆಲೆ ಕುಸಿಯುತ್ತದೆ. ಬಾಕಿ ಸಾಲ ಮಾತ್ರ ಕುಸಿಯುವುದಿಲ್ಲ.

ವೆಚ್ಚ ಏರಿದರೆ ಬಾಡಿಗೆ ಏರಿಸಬಹುದಲ್ಲ ಎಂಬ ಮಾತಿದೆ. 2018ರ ಜುಲೈನಲ್ಲಿ ಆಕ್ಸಲ್ ಭಾರದ ಮಿತಿ ಹೆಚ್ಚಿ, ಹತ್ತು ಚಕ್ರದ ಲಾರಿಯ ಒಟ್ಟು ತೂಕ 25 ಟನ್‌ಗಳಿಂದ 28.5 ಟನ್‌ಗಳಿಗೇರಿದಾಗ ಅಷ್ಟೇ ಸರಕಿಗೆ ಕಡಿಮೆ ಲಾರಿಗಳು ಸಾಕಾದವು. ಲೋಡಿಗಾಗಿ ಕಾಯುವವನು ದರ ಹೇಳಲಾರ, ಏಜೆಂಟ್ ಹೇಳಿದ್ದನ್ನು ಒಪ್ಪುತ್ತಾನೆ. ಕರ್ನಾಟಕದಲ್ಲಿ 2025ರ ಏಪ್ರಿಲ್‌ನಲ್ಲಿ ಡೀಸೆಲ್ ಮಾರಾಟ ತೆರಿಗೆಯು ಶೇ. 18.44ರಿಂದ 21.17ಕ್ಕೆ ಏರಿದಾಗ ಲಾರಿ ಮಾಲೀಕರು ಮುಷ್ಕರ ಹೂಡಿದ್ದಕ್ಕೆ ಈ ಅಸಹಾಯಕತೆಯೂ ಕಾರಣ.

ನೆರವೇ ಇಲ್ಲವೆಂದಲ್ಲ. 2025ರ ಸೆಪ್ಟೆಂಬರ್ 22ರಿಂದ ಲಾರಿಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಟ್ರಾನ್ಸ್‌ಪೋರ್ಟ್ ಸಂಸ್ಥೆಗೆ ಲಾರಿ ಬಾಡಿಗೆಗೆ ಬಿಡುವ ಮಾಲೀಕನ ಸೇವೆಗೆ ತೆರಿಗೆ ವಿನಾಯಿತಿ ಇರುವುದರಿಂದ ಖರೀದಿಯ ಮೇಲಿನ ತೆರಿಗೆಯನ್ನು ಆತ ಮರಳಿ ಪಡೆಯಲಾರ. ಆದ್ದರಿಂದ ಈ ಕಡಿತ ದೊಡ್ಡ ಸಂಸ್ಥೆಗಳಿಗಿಂತ ಅವನಿಗೇ ನಿಜವಾದ ಉಳಿತಾಯ. ಹಳೆಯ ಲಾರಿ ಕೊಳ್ಳುವವನಿಗೆ ಅದರ ಫಲ ತಲುಪಲು ಮಾತ್ರ ಕೆಲವು ವರ್ಷಗಳು ಬೇಕು.

ಸರಕು ಕಳುಹಿಸುವವರ ಕೈಯಲ್ಲಿಯೂ ಕೆಲವು ಸಂಗತಿಗಳಿವೆ. ಕಾರ್ಖಾನೆಯ ಗೇಟಿನ ಮುಂದೆ ಎಂಜಿನ್ ಚಾಲೂ ಇಟ್ಟು ಗಂಟೆಗಟ್ಟಲೆ ಸರದಿಯಲ್ಲಿ ತೆವಳುವ ಲಾರಿ ಡೀಸೆಲ್ ಸುಡುವುದಲ್ಲದೆ ಶೋಧಕವನ್ನೂ ಕಟ್ಟಿಸಿಕೊಳ್ಳುತ್ತದೆ. ಮಾಲು ಇಳಿಸಲು ಗೊತ್ತಾದ ಸಮಯ ಕೊಡುವುದಕ್ಕೆ ವಿಶೇಷ ಖರ್ಚಿಲ್ಲ. ಯೂರಿಯಾ ದ್ರಾವಣದ ವೆಚ್ಚವನ್ನು ಡೀಸೆಲ್‌ನೊಂದಿಗೆ ಬಾಡಿಗೆ ಕರಾರಿನಲ್ಲಿ ಸೇರಿಸಬಹುದು. ಮೂರು ತಿಂಗಳು ತಡೆಹಿಡಿಯುವ ಬಾಡಿಗೆ ಬಾಕಿಯನ್ನು ಹದಿನೈದು ದಿನಗಳಲ್ಲಿ ಪಾವತಿಸಬಹುದು.