ವಿದ್ಯುತ್ ಕೇಂದ್ರದ ಮಗ್ಗುಲಲ್ಲೇ ವಿದ್ಯುತ್ ಬರ

2023ರ ಅಕ್ಟೋಬರಿನಲ್ಲಿ ವಿಜಯಪುರ ಜಿಲ್ಲೆ ಕೊಲ್ಹಾರ ತಾಲ್ಲೂಕಿನ ರೋಣಿಹಾಳದ ರೈತರು ಹೊಲದಲ್ಲಿ ಸಿಕ್ಕ ಮೊಸಳೆಯೊಂದನ್ನು ಹಗ್ಗದಲ್ಲಿ ಬಿಗಿದು ವಿದ್ಯುತ್ ವಿತರಣಾ ಕಂಪನಿ ಹೆಸ್ಕಾಂನ ಉಪಕೇಂದ್ರದ ಮುಂದೆ ತಂದಿಟ್ಟರು. ನಟ್ಟಿರುಳಲ್ಲಿ, ಬೆಳಗಿನ ಜಾವದಲ್ಲಿ ಪಂಪು ಓಡಿಸುವ ತ್ರೀಫೇಸ್ ಕರೆಂಟು ಕೊಟ್ಟರೆ ನೀರು ಹಾಯಿಸಲು ಹೋದವರಿಗೆ ಹಾವು, ಚೇಳು, ಮೊಸಳೆ ಕಚ್ಚಿದರೆ ಹೊಣೆ ಯಾರು ಎಂಬುದು ಅವರ ಪ್ರಶ್ನೆಯಾಗಿತ್ತು. ಅರಣ್ಯ ಇಲಾಖೆಯವರು ಬಂದು ಮೊಸಳೆಯನ್ನು ಒಯ್ದು ಆಲಮಟ್ಟಿಯ ನೀರಿಗೆ ಬಿಟ್ಟರು. ವಿಡಿಯೊ ದೇಶವೆಲ್ಲ ಸುತ್ತಿತು, ನೋಡಿದವರು ನಕ್ಕರು. ನಗುವ ವಿಷಯ ಅದಾಗಿರಲಿಲ್ಲ.

ಕೊಲ್ಹಾರ ಮೊದಲು ಬಸವನ ಬಾಗೇವಾಡಿ ತಾಲ್ಲೂಕಿಗೆ ಸೇರಿತ್ತು. ಅದೇ ಹಳೆಯ ತಾಲ್ಲೂಕಿನಲ್ಲಿ ನಾಡಿನ ಎರಡು ದೊಡ್ಡ ವಿದ್ಯುತ್ ಕೇಂದ್ರಗಳಿವೆ. ಒಂದು ಕೂಡಗಿಯ ಎನ್‌ಟಿಪಿಸಿ ಶಾಖೋತ್ಪನ್ನ ಸ್ಥಾವರ. ತಲಾ 800 ಮೆಗಾವಾಟ್‌ನ ಮೂರು ಘಟಕ ಸೇರಿ ಅದರ ಒಟ್ಟು ಸಾಮರ್ಥ್ಯ 2400 ಮೆಗಾವಾಟ್. 2017 ಮತ್ತು 2018ರಲ್ಲಿ ಒಂದೊಂದಾಗಿ ಈ ಘಟಕಗಳ ವಾಣಿಜ್ಯ ಉತ್ಪಾದನೆ ಶುರುವಾಯಿತು. ಇನ್ನೊಂದು ಆಲಮಟ್ಟಿ ಅಣೆಕಟ್ಟಿನ ಜಲವಿದ್ಯುತ್ ಕೇಂದ್ರ. 55 ಮೆಗಾವಾಟ್‌ನ ಐದು ಯಂತ್ರ, 15 ಮೆಗಾವಾಟ್‌ನ ಒಂದು, ಒಟ್ಟು 290. ಇಷ್ಟು ಕರೆಂಟು ಹುಟ್ಟುವ ನೆಲದಲ್ಲೇ ರೈತ ರಾತ್ರಿ ಬ್ಯಾಟರಿ ಹಿಡಿದು ಕಬ್ಬಿನ ಪಡದೊಳಗೆ ಹೋಗಬೇಕಾಗಿರುವುದು ಏಕೆ?

ಕೂಡಗಿಗೆ ಈ ಭಾಗದ ಜನ ಕೊಟ್ಟಿದ್ದು ಸಣ್ಣದಲ್ಲ. ಮಸೂತಿ, ಕೂಡಗಿ, ತೆಲಗಿ, ಗೊಳಸಂಗಿ ಸುತ್ತಿನ ಜಮೀನು ಹೋಯಿತು. ಕೃಷ್ಣೆಯ ನೀರಿನಲ್ಲಿ ಸ್ಥಾವರಕ್ಕೊಂದು ಪಾಲು ಹೋಯಿತು. ಹಾರುಬೂದಿ ಬೆಳೆಯ ಮೇಲೆ ಕೂರುತ್ತದೆ ಎಂಬ ದೂರು ಇಂದಿಗೂ ಇದೆ. 2014ರ ಜುಲೈನಲ್ಲಿ ಸ್ಥಾವರ ವಿರೋಧಿಸಿ ಸೇರಿದ್ದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಜನ ಗಾಯಗೊಂಡರು. ಇಷ್ಟೆಲ್ಲ ಕೊಟ್ಟವರು ‘ನಮ್ಮೂರ ಕರೆಂಟು ನಮಗೇಕಿಲ್ಲ’ ಎಂದು ಕೇಳುವುದು ನ್ಯಾಯವೇ. ಆದರೆ ಉತ್ತರ ಸ್ಥಾವರದ ಗೇಟಿನಲ್ಲಿ ಸಿಗುವುದಿಲ್ಲ.

ಕೂಡಗಿಯಲ್ಲಿ ತಯಾರಾದ ವಿದ್ಯುತ್ತನ್ನು 400 ಕೆ.ವಿ.ಗೆ ಏರಿಸಿ ಧಾರವಾಡದ ಬಳಿಯ ನರೇಂದ್ರದ ಕಡೆಗೆ, ಅಲ್ಲಿಂದ ಮಧುಗಿರಿಯ ಕಡೆಗೆ ಸಾಗಿಸುತ್ತಾರೆ. ಅದರಲ್ಲಿ ಅರ್ಧದಷ್ಟು ಕರ್ನಾಟಕಕ್ಕೆ, ಉಳಿದದ್ದು ಹೆಚ್ಚಾಗಿ ನೆರೆಯ ದಕ್ಷಿಣ ರಾಜ್ಯಗಳಿಗೆ. ಹೊಲದ ಮೇಲೆ ಹಾದುಹೋಗುವ ಆ ದೊಡ್ಡ ಟವರುಗಳ ತಂತಿಯಿಂದ ಪಂಪ್‌ಸೆಟ್ಟಿಗೆ ನೇರವಾಗಿ ಕರೆಂಟು ಇಳಿಸಲು ಬರುವುದಿಲ್ಲ. 400 ಕೆ.ವಿ.ಯಿಂದ 220, 110, 33, 11 ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ, ಕೊನೆಗೆ ಹೊಲದ ಬದುವಿನ ಟ್ರಾನ್ಸ್‌ಫಾರ್ಮರಿನಲ್ಲಿ, ಅಂದರೆ ಟಿ.ಸಿ.ಯಲ್ಲಿ, 415 ವೋಲ್ಟಿಗೆ ತರಬೇಕು. ಪ್ರತಿ ಮೆಟ್ಟಿಲಿಗೂ ಉಪಕೇಂದ್ರ, ತಂತಿ, ದುರಸ್ತಿ ಮಾಡುವ ಕೈ ಬೇಕು. ನಾರಾಯಣಪುರ ಎಡದಂಡೆ ಕಾಲುವೆಯ ತಲೆಯಲ್ಲಿ ನೀರು ತುಂಬಿ ಹರಿಯುತ್ತಿದ್ದರೂ ಇಂಡಿ ಭಾಗದ ಕೊನೆಯ ಹೊಲಕ್ಕೆ ನೀರು ಮುಟ್ಟದೆ ರೈತರು ರಸ್ತೆಗಿಳಿಯುವುದನ್ನು ನಾವು ಮತ್ತೆ ಮತ್ತೆ ಕಂಡಿದ್ದೇವೆ. ಕರೆಂಟಿನ ಕಥೆಯೂ ಅದೇ.

ಆ ಕೊನೆಯ ಮೆಟ್ಟಿಲನ್ನೇ ಹತ್ತಿರದಿಂದ ನೋಡೋಣ. ಹೊಲಗಳ ನಡುವೆ ಎರಡು ಕಂಬಗಳ ಮೇಲೆ 63 ಕೆ.ವಿ.ಎ. ಟಿ.ಸಿ. ಇದೆ ಎಂದುಕೊಳ್ಳಿ. 5 ಎಚ್‌ಪಿಯ ಮೋಟಾರುಗಳಾದರೆ ಅದು ಹತ್ತು-ಹನ್ನೊಂದನ್ನು ತಾಳಿಕೊಳ್ಳುತ್ತದೆ. ಕಾಗದದ ಮೇಲೆ ಇರುವ ಲೆಕ್ಕವೂ ಅಷ್ಟೇ. ಬೋರಿನಲ್ಲಿ ನೀರು ಕೆಳಗಿಳಿದಂತೆ 5 ಎಚ್‌ಪಿ ಇದ್ದಲ್ಲಿ ಏಳೂವರೆ, ಹತ್ತು ಬರುತ್ತದೆ. ಅನುಮತಿ ಇಲ್ಲದ ನಾಲ್ಕಾರು ಸಂಪರ್ಕ ಸೇರುತ್ತವೆ. ತ್ರೀಫೇಸ್ ಇರುವುದು ದಿನಕ್ಕೆ ಏಳೇ ತಾಸು, ಆದ್ದರಿಂದ ಎಲ್ಲರೂ ಆಟೋ ಸ್ಟಾರ್ಟರ್ ಹಾಕಿಟ್ಟಿರುತ್ತಾರೆ. ಲೈನ್ ಬಂದ ಗಳಿಗೆಗೆ ಎಲ್ಲ ಮೋಟಾರುಗಳೂ ಒಮ್ಮೆಗೇ ಏಳುತ್ತವೆ. ಮೋಟಾರು ಏಳುವಾಗ ಓಡುವಾಗಿನದಕ್ಕಿಂತ ಹಲವು ಪಟ್ಟು ಕರೆಂಟು ಎಳೆಯುತ್ತದೆ. ವೋಲ್ಟೇಜು ಕುಸಿಯುತ್ತದೆ. ವೋಲ್ಟೇಜು ಕುಸಿದರೆ ಅದೇ ಕೆಲಸಕ್ಕೆ ಮೋಟಾರು ಇನ್ನಷ್ಟು ಕರೆಂಟು ಎಳೆದು ಬಿಸಿಯಾಗುತ್ತದೆ. ಒಂದು ದಿನ ಯಾರದೋ ವೈಂಡಿಂಗ್ ಸುಡುತ್ತದೆ, ಇನ್ನೊಂದು ದಿನ ಟಿ.ಸಿ.ಯೇ ಸುಡುತ್ತದೆ. ಹಳ್ಳಿಗಳಲ್ಲಿ ಸುಟ್ಟ ಟಿ.ಸಿ.ಯನ್ನು 72 ತಾಸಿನೊಳಗೆ ಬದಲಿಸಬೇಕು ಎಂಬುದು ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ನಿಯಮ. ಎಷ್ಟೋ ಕಡೆ ರೈತರೇ ಪಟ್ಟಿ ಹಾಕಿ, ಟ್ರ್ಯಾಕ್ಟರಿನಲ್ಲಿ ಟಿ.ಸಿ. ಹೇರಿಕೊಂಡು ರಿಪೇರಿಗೆ ಒಯ್ಯುತ್ತಾರೆ. ಏಪ್ರಿಲ್ ಬಿಸಿಲಿನಲ್ಲಿ ಇಂಡಿಯ ಲಿಂಬೆ ಗಿಡಕ್ಕೆ ವಾರವೆಲ್ಲ ನೀರು ತಪ್ಪಿದರೆ ಹೂವು, ಹೀಚು ಉದುರುತ್ತವೆ.

10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ, ಖರ್ಚನ್ನು ಸರ್ಕಾರ ಭರಿಸುತ್ತದೆ. ಮಳೆ ನಂಬಿ ಬದುಕುವ ಈ ಒಣನೆಲದಲ್ಲಿ ಅದು ಬೇಕೇ ಬೇಕು, ತಕರಾರಿಲ್ಲ. ಆದರೆ ಹೆಚ್ಚಿನ ಪಂಪ್‌ಸೆಟ್ಟುಗಳಿಗೆ ಮೀಟರೇ ಇಲ್ಲದ್ದರಿಂದ ಉಪಕೇಂದ್ರದಿಂದ ಹೊರಡುವ ಯಾವ ಲೈನಿನಲ್ಲಿ, ಅಂದರೆ ಫೀಡರಿನಲ್ಲಿ, ಎಷ್ಟು ಹೋಯಿತು, ಎಷ್ಟು ಸೋರಿತು ಎಂಬುದು ಬಹುಪಾಲು ಅಂದಾಜು. ಅಂದಾಜಿನ ಮೇಲೆ ನಡೆಯುವ ಜಾಲದಲ್ಲಿ ಜೋತುಬಿದ್ದ ತಂತಿಯನ್ನು ಬಿಗಿಯುವ ಆತುರ ಯಾರಿಗೂ ಇರುವುದಿಲ್ಲ.

ಹೊತ್ತಿನ ಸಮಸ್ಯೆ ಬೇರೆಯೇ. ಸಂಜೆ ಆರರಿಂದ ಹತ್ತರವರೆಗೆ ಊರುಗಳ ದೀಪ, ಟಿ.ವಿ., ಫ್ಯಾನು ಎಲ್ಲ ಒಟ್ಟಿಗೆ ಹೊತ್ತುವುದರಿಂದ ಪಂಪ್‌ಸೆಟ್ಟನ್ನು ಆಚೆಗೆ ತಳ್ಳುವುದು ಹಳೆಯ ರೂಢಿ. ನಿರಂತರ ಜ್ಯೋತಿ ಯೋಜನೆ ಊರಿನ ಫೀಡರನ್ನೂ ಹೊಲದ ಫೀಡರನ್ನೂ ಬೇರೆ ಮಾಡಿದ್ದರಿಂದ ಮನೆಗಳಿಗೆ ಒಳ್ಳೆಯದಾಯಿತು, ಹೊಲದ ಪಾಳಿ ಮಾತ್ರ ರಾತ್ರಿಗೆ ಗಟ್ಟಿಯಾಗಿ ಕೂತಿತು. ಆಲಮಟ್ಟಿಯ ಯಂತ್ರಗಳು ಜೋರಾಗಿ ತಿರುಗುವುದು ಕೃಷ್ಣೆ ತುಂಬಿ ಬರುವ ಮಳೆಗಾಲದಲ್ಲಿ, ಪಂಪಿಗೆ ಕರೆಂಟು ಬೇಕಾಗುವುದು ಆಮೇಲಿನ ಒಣ ತಿಂಗಳುಗಳಲ್ಲಿ. 2023ರಲ್ಲಿ ಮಳೆಯೂ ಕರೆಂಟೂ ಕೈಕೊಟ್ಟವು. ಮಳೆ ಹೋಗಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು, ಹಲವು ಜಲಾಶಯಗಳು ತುಂಬಲಿಲ್ಲ, ಅಕ್ಟೋಬರಿನಲ್ಲೇ ಪಂಪುಗಳು ಬೇಸಿಗೆಯಂತೆ ಓಡಿದವು. ಏಳು ತಾಸು ಐದಕ್ಕಿಳಿಯಿತು. ರಾಜ್ಯ ಉತ್ತರ ಪ್ರದೇಶ, ಪಂಜಾಬಿನಿಂದ ವಿದ್ಯುತ್ತನ್ನು ಕೈಗಡ ತಂದಿತು. ರೋಣಿಹಾಳದ ಮೊಸಳೆ ಉಪಕೇಂದ್ರಕ್ಕೆ ಬಂದದ್ದು ಆ ದಿನಗಳಲ್ಲೇ.

ಇದು ನಮ್ಮೊಬ್ಬರ ಪಾಡಲ್ಲ. ಕೆರಿಬಿಯನ್ ಸಮುದ್ರದ ಡೊಮಿನಿಕನ್ ಗಣರಾಜ್ಯ ದಶಕಗಳಿಂದ ಕರೆಂಟು ಕಡಿತದಲ್ಲಿ ಬೇಯುತ್ತಿದೆ. ಕೊರತೆ ನೀಗಿಸಲೆಂದು ಅದು ಪುಂಟಾ ಕತಲೀನಾ ಎಂಬಲ್ಲಿ 752 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರ ಕಟ್ಟಿತು. ಅಷ್ಟು ಸಣ್ಣ ದೇಶಕ್ಕೆ ಅದು ಭಾರಿ ಯೋಜನೆ. ಸ್ಥಾವರ ನಡೆದರೂ ಕಡಿತ ನಿಲ್ಲಲಿಲ್ಲ. ಅಲ್ಲಿನ ವಿತರಣಾ ಕಂಪನಿಗಳು ಕೊಂಡ ವಿದ್ಯುತ್ತಿನಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ತಂತಿಯಲ್ಲಿ, ಕಳವಿನಲ್ಲಿ, ವಸೂಲಾಗದ ಬಿಲ್ಲಿನಲ್ಲಿ ಹೋಗುತ್ತದೆ. ದೊಡ್ಡ ಸ್ಥಾವರಕ್ಕೆ ಅಡಿಗಲ್ಲು ಹಾಕುವ ಉತ್ಸಾಹ ಎಲ್ಲ ಸರ್ಕಾರಗಳಿಗೂ ಇರುತ್ತದೆ. ಹನ್ನೊಂದು ಕೆ.ವಿ. ಲೈನು ಬದಲಿಸಿದ್ದಕ್ಕೆ ಸಮಾರಂಭ ಮಾಡಿದ್ದನ್ನು ನಾನು ಕೇಳಿಲ್ಲ.

ಈಗ ಒಂದು ದಾರಿ ತೆರೆದಿದೆ. ಕರ್ನಾಟಕದಲ್ಲಿ ಸೌರ ವಿದ್ಯುತ್ ಹೆಚ್ಚಿರುವುದರಿಂದ ನಡುಹಗಲಿನಲ್ಲೇ ಕರೆಂಟು ಧಾರಾಳವಾಗಿ ಸಿಗುತ್ತದೆ. ಹಾಗಾಗಿ ಹೊಲಕ್ಕೆ ಹಗಲಲ್ಲೇ ಕೊಡಬಹುದು. 2019ರಲ್ಲಿ ಶುರುವಾದ ಕೇಂದ್ರದ ಕುಸುಮ್ ಯೋಜನೆಯ ‘ಸಿ’ ಭಾಗದಲ್ಲಿ ಉಪಕೇಂದ್ರದ ಹತ್ತಿರವೇ ಸೌರಫಲಕ ಹಾಕಿ, ಆ ಕರೆಂಟನ್ನು ಅಲ್ಲಿನ ಹೊಲದ ಫೀಡರಿಗೇ ಹಗಲು ಏಳು ತಾಸು ಹರಿಸಲಾಗುತ್ತದೆ. ಒಂದು ಮೆಗಾವಾಟಿಗೆ ಸುಮಾರು ನಾಲ್ಕು ಎಕರೆ ಸಾಕು. ದೂರದಿಂದ ಬರುವಾಗಿನ ಸೋರಿಕೆ ತಪ್ಪುತ್ತದೆ, ಫೀಡರಿನ ಕೊನೆಯಲ್ಲಿ ವೋಲ್ಟೇಜು ಏರುತ್ತದೆ. ಬಿಸಿಲಿಗೆ ಬಡತನವಿಲ್ಲದ ಸಿಂದಗಿ, ಇಂಡಿ, ಮುದ್ದೇಬಿಹಾಳಕ್ಕೆ ಇದಕ್ಕಿಂತ ಹೊಂದುವ ಯೋಜನೆ ನನಗೆ ಕಾಣುವುದಿಲ್ಲ. ಕೂಡಗಿಯಂತೆ ಅದು ಊರೂರಿನ ಜಮೀನನ್ನೇ ಕೇಳುವುದಿಲ್ಲ.

ಇದೇ ಯೋಜನೆಯ ‘ಬಿ’ ಭಾಗದ ಬಗ್ಗೆ ಅಷ್ಟು ಭರವಸೆಯಿಂದ ಹೇಳಲಾರೆ. ಇರುವ ಲೈನಿನಿಂದ 500 ಮೀಟರಿಗಿಂತ ದೂರದ ಹೊಸ ಬೋರುಗಳಿಗೆ ತಂತಿ ಬದಲು ಸೌರ ಪಂಪು ಎಂಬುದು ರಾಜ್ಯದ ನಿಲುವು. ಕೇಂದ್ರ ಶೇ 30, ರಾಜ್ಯ ಶೇ 50, ಉಳಿದ ಶೇ 20 ರೈತನದು. ನೀರು ಮೇಲಿರುವ ಹೊಳೆದಂಡೆಯಲ್ಲಿ ಅದು ನಡೆದೀತು. ಇಂಡಿ ಕಡೆಯ ಆಳದ ಬೋರಿನಿಂದ ಮೋಡ ಕವಿದ ದಿನವೂ ನೀರೆತ್ತುವಷ್ಟು ದೊಡ್ಡ ಪಂಪು ಕೊಡುವರೇ, ಕೆಟ್ಟರೆ ತಾಲ್ಲೂಕಿನಲ್ಲೇ ರಿಪೇರಿ ಮಾಡುವವರು ಇರುವರೇ ಎಂಬುದನ್ನು ಅರ್ಜಿಗೆ ಸಹಿ ಹಾಕುವ ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಬೇಕು.